ಅಣುಗಡಿಯಾರಕ್ಕೆ ಎರಡು ದಿನ ರಜೆ

ಪಿರಿಯಾಪಟ್ಟಣದ ನಮ್ಮ ಕಾಲೇಜಿನಲ್ಲಿ ಆ ಕಾಲಕ್ಕೆ ಓದಿದವರು ಯಾರಾದರೂ ಎದುರಾದರೆ ಹತ್ತು ನಿಮಿಷದೊಳಗೆ ಮಾತು ಜವರಪ್ಪ ಅಣುಗಡಿಯಾರ ಕೊಂದ ಕಥೆಗೆ ಬಂದೇ ಬರುತ್ತದೆ. ಕಥೆಯೇನೋ ಸೊಗಸಾಗಿದೆ. ಸಾವಿರಾರು ವರ್ಷಕ್ಕೆ ಒಂದು ಸೆಕೆಂಡು ಆಚೀಚೆ ಆಗುವಂಥ ಗಡಿಯಾರ. ಆಯುಧಪೂಜೆಯ ದಿನ ಅದನ್ನು ಆರಿಸಿ, ಒರೆಸಿ, ಕುಂಕುಮವಿಟ್ಟು ಮಲಗಿಸಿದ ಲ್ಯಾಬ್ ಅಟೆಂಡರ್. ಎರಡು ದಿನ ಬಿಟ್ಟು ಎಬ್ಬಿಸಲು ಹೋದರೆ ಗಡಿಯಾರ ಏಳಲೇ ಇಲ್ಲ. ಇಷ್ಟಕ್ಕೇ ನಿಲ್ಲಿಸುವವರು ಕಡಿಮೆ. ಒಬ್ಬರ ಪ್ರಕಾರ ಬೂದುಗುಂಬಳದ ನೀರು ಒಳಗೆ ಇಳಿಯಿತು. ಇನ್ನೊಬ್ಬರ ಪ್ರಕಾರ ನಿಂಬೆಹಣ್ಣಿನ ಹುಳಿ ತಂತಿ ತಿಂದಿತು. ಈಗ ಹುಣಸೂರಿನಲ್ಲಿ ವಕೀಲನಾಗಿರುವ ಒಬ್ಬ ಹಳೆಯ ವಿದ್ಯಾರ್ಥಿಯಂತೂ ಗಡಿಯಾರ ಸಿಡಿದು ಜವರಪ್ಪನ ಮೀಸೆ ಸುಟ್ಟುಹೋದದ್ದನ್ನು ಕಣ್ಣಾರೆ ಕಂಡವನಂತೆ ವರ್ಣಿಸುತ್ತಾನೆ. ಜವರಪ್ಪನಿಗೆ ಮೀಸೆಯೇ ಇರಲಿಲ್ಲ.

ಇಂಥ ಮಾತನ್ನು ಬಿಚ್ಚಿ ಬಿಸಾಡುವುದು ನನಗೆ ಕಷ್ಟವೇನಲ್ಲ. ಬೂದುಗುಂಬಳ ಒಡೆದದ್ದು ಗೇಟಿನ ಬಳಿ; ಗಡಿಯಾರ ಇದ್ದದ್ದು ಮಹಡಿಯ ಮೇಲೆ. ನಿಂಬೆಹಣ್ಣನ್ನು ಇಟ್ಟದ್ದು ಪೆಟ್ಟಿಗೆಯ ಮೇಲೆ, ಒಳಗಲ್ಲ. ಇನ್ನು ಮುಖ್ಯವಾದದ್ದು: ಪೂಜೆ ಆದ ಮೇಲೆ ಗಡಿಯಾರ ನಿಂತಿತು ಅಂದಮಾತ್ರಕ್ಕೆ ಪೂಜೆಯಿಂದಲೇ ನಿಂತಿತು ಅಂತ ಆಗುವುದಿಲ್ಲ. ಒಂದರ ಹಿಂದೆ ಒಂದು ಬಂದದ್ದಕ್ಕೆ ಮೊದಲನೆಯದು ತಾಯಿ, ಎರಡನೆಯದು ಮಗು ಅಂತ ಸಂಬಂಧ ಕಟ್ಟುವವರನ್ನು ಚರ್ಚಾಸ್ಪರ್ಧೆಗಳಲ್ಲಿ ನಾನು ಎಷ್ಟು ಸಲ ಮಣ್ಣು ಮುಕ್ಕಿಸಿಲ್ಲ! ಆದರೂ ಈ ಕಥೆ ಬಂದಾಗ ಸುಮ್ಮನೆ ಕೂತು ಕಾಫಿ ಲೋಟವನ್ನು ತಿರುಗಿಸುತ್ತೇನೆ. ನನ್ನನ್ನು ಬಲ್ಲವರು ಆಶ್ಚರ್ಯಪಡುತ್ತಾರೆ. ನಾನು ಸುಮ್ಮನೆ ಕೂತದ್ದನ್ನು ನನ್ನ ಹೆತ್ತ ತಾಯಿಯೂ ನೋಡಿಲ್ಲ.

ಇದೆಲ್ಲ ಈಗ ನೆನಪಾಗಲು ಕಾರಣ ಒಬ್ಬ ಡಾಕ್ಟರು. ಮೊನ್ನೆ ರಕ್ತದೊತ್ತಡ ನೋಡಿಸಲು ಹೋಗಿದ್ದೆ. ಅವರದು ಹಳೆಯ ಕಾಲದ ಮುಳ್ಳಿನ ಮೀಟರು. ಅವರು ಗಾಳಿ ತುಂಬಿ, ಬಿಟ್ಟು, ಅಂಕಿ ಓದಲು ಬಗ್ಗಿದ ಹೊತ್ತಿಗೆ ನಾನು ಇನ್ನೊಂದು ಕೈ ಚಾಚಿ ಗಾಜಿನ ಮೇಲೆ ಉಗುರಿನಿಂದ ಎರಡು ಸಲ ಕುಟ್ಟಿದೆ.

"ಯಾಕ್ರೀ ಕುಟ್ತೀರಾ?"

"ಮುಳ್ಳಿಗೆ ಸೋಮಾರಿತನ ಇರುತ್ತೆ ಡಾಕ್ಟ್ರೇ. ಕುಟ್ಟಿದರೆ ಎದ್ದು ಸರಿಯಾದ ಜಾಗಕ್ಕೆ ಬರುತ್ತೆ."

"ಯಾರ್ ಹೇಳಿದ್ರು ನಿಮಗೆ?"

ಜವರಪ್ಪ ಹೇಳಿದ್ದು. ಪದವಿ ತರಗತಿಯಲ್ಲಿ ಮೂರು ವರ್ಷ, ಮೇಲಿನ ಓದಿನಲ್ಲಿ ಎರಡು ವರ್ಷ ಮೀಟರು ಓದಿದ ನನಗೆ, ಏಳನೆಯ ತರಗತಿ ದಾಟದ ಜವರಪ್ಪ ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿಕೊಟ್ಟದ್ದು ಅದು. ಡಾಕ್ಟರಿಗೆ ಇಷ್ಟೆಲ್ಲ ಹೇಳಲಿಲ್ಲ. ಒತ್ತಡ ಸ್ವಲ್ಪ ಹೆಚ್ಚೇ ಇತ್ತು.

ಆಗ ನನಗೆ ಇಪ್ಪತ್ನಾಲ್ಕು. ಭೌತಶಾಸ್ತ್ರದ ತಾತ್ಕಾಲಿಕ ಅಧ್ಯಾಪಕಿ. ನನ್ನ ಆಸ್ತಿ ಅಂದರೆ ಸ್ಟೀಲ್ ಪಾತ್ರೆಗಳು. ನಮ್ಮ ಕಡೆ ಚರ್ಚಾಸ್ಪರ್ಧೆಯಲ್ಲಿ ಗೆದ್ದವರಿಗೆ ಆ ಕಾಲದಲ್ಲಿ ಕೊಡುತ್ತಿದ್ದದ್ದು ಅದನ್ನೇ: ಮೊದಲ ಬಹುಮಾನ ಊಟದ ಡಬ್ಬಿ, ಎರಡನೆಯದು ತಟ್ಟೆ, ಸಮಾಧಾನಕರ ಬಹುಮಾನ ಲೋಟ. ಕೆ.ಆರ್. ನಗರದ ನಮ್ಮ ಮನೆಯಲ್ಲಿ ಬಂದವರು ನೀರು ಕುಡಿದರೆ ತಳದಲ್ಲಿ ನನ್ನ ಹೆಸರು ಕಾಣಿಸುತ್ತಿತ್ತು. ಒಮ್ಮೆ ಹುಣಸೂರಿನ ಸ್ಪರ್ಧೆಗೆ ನನ್ನ ಜೊತೆಗಾತಿ ಜ್ವರ ಬಂದು ಬರಲಿಲ್ಲ. ಕಾಲೇಜಿನಿಂದ ಒಬ್ಬರು ಪರ, ಒಬ್ಬರು ವಿರೋಧ ಮಾತಾಡಲೇಬೇಕಿತ್ತು. ಎರಡನ್ನೂ ನಾನೇ ಮಾತಾಡುತ್ತೇನೆ ಅಂದೆ. ಆಯೋಜಕರು ನಕ್ಕು ಒಪ್ಪಿದರು. ಪರವಾಗಿ ಮಾತಾಡಿದ್ದಕ್ಕೆ ಡಬ್ಬಿ ಬಂತು, ವಿರೋಧವಾಗಿ ಮಾತಾಡಿದ್ದಕ್ಕೆ ತಟ್ಟೆ. ಬಸ್ಸಿನಲ್ಲಿ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ವಿಷಯ ಏನಿತ್ತು ಅನ್ನುವುದೇ ಮರೆತುಹೋಗಿತ್ತು. ನನ್ನ ಅಭಿಪ್ರಾಯ ಏನು ಅನ್ನುವುದಂತೂ ಮೊದಲೂ ಗೊತ್ತಿರಲಿಲ್ಲ. ಗೆದ್ದ ಖುಷಿ ಮಾತ್ರ ಬೆಟ್ಟದಷ್ಟಿತ್ತು.

ಗಡಿಯಾರದ ವಿಷಯಕ್ಕೆ ಬರುವ ಮುಂಚೆ ಸೈರನ್ನಿನ ವಿಷಯ ಹೇಳಿಬಿಡುತ್ತೇನೆ. ಕೆ.ಆರ್. ನಗರದಲ್ಲಿ ನಮ್ಮ ಮನೆಯ ಹಿಂದೆ ಒಂದು ಅಕ್ಕಿ ಗಿರಣಿ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ ಕೂಗುತ್ತಿತ್ತು. ಗದ್ದೆಯಲ್ಲಿದ್ದವರು ಬುತ್ತಿ ಬಿಚ್ಚುತ್ತಿದ್ದದ್ದು, ನಾವು ಶಾಲೆಗೆ ಓಡುತ್ತಿದ್ದದ್ದು, ಅಜ್ಜಿ ಹೊಸ ಅಗ್ರಹಾರದಿಂದ ಬಂದಾಗ ಮಾತ್ರೆ ನುಂಗುತ್ತಿದ್ದದ್ದು ಎಲ್ಲ ಅದರ ಕೂಗಿಗೆ. ನನಗೊಂದು ದಿನ ಅನುಮಾನ ಬಂತು. ಗಿರಣಿಯ ಮೇಸ್ತ್ರಿಯ ಬಳಿ ಹೋಗಿ, "ನಿಮಗೆ ಟೈಮ್ ಹೆಂಗೆ ಗೊತ್ತಾಗುತ್ತೆ?" ಅಂತ ಕೇಳಿದೆ.

"ವಾಚ್ ಅದಲ್ಲವ್ವ, ಕಾಣಾಕಿಲ್ವಾ?"

"ವಾಚು ತಪ್ಪಾದರೆ?"

"ರೈಲ್ ಬತ್ತದಲ್ಲ, ಆಗ ತಿರುಗುಸ್ಕತೀನಿ."

ರೈಲ್ವೆ ಗೇಟಿನವನನ್ನು ಹೋಗಿ ಕೇಳಿದೆ. ರೈಲು ತಡವೋ ಬೇಗವೋ ಅಂತ ನಿನಗೆ ಹೇಗೆ ತಿಳಿಯುತ್ತದೆ? ಅವನು ಗಿರಣಿಯ ಕಡೆ ಕೈತೋರಿಸಿ, "ಸೈರನ್ ಕೂಗ್ತದಲ್ಲ" ಅಂದ. ನಾನು ವಾಪಸ್ ಓಡಿಬಂದು ಮೇಸ್ತ್ರಿಗೆ ಈ ಮೋಸವನ್ನು ಬಿಡಿಸಿ ಹೇಳಿದೆ: ನೀವು ಅವನನ್ನು ನೋಡುತ್ತೀರಿ, ಅವನು ನಿಮ್ಮನ್ನು ನೋಡುತ್ತಾನೆ, ಹಾಗಾದರೆ ನಿಜವಾದ ಟೈಮ್ ಯಾರ ಹತ್ತಿರ ಇದೆ? ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಪ್ಪನ್ನ ಕೇಳೋಗವ್ವ. ನಂಗೆ ಕರೆಂಟ್ ಇದ್ದಾಗ ಕೂಗುಸುದ್ರೆ ಸಾಕಾಗದೆ" ಅಂದ.

ನಿಜವಾದ ಟೈಮ್ ಯಾರ ಹತ್ತಿರ ಇದೆ ಅನ್ನುವ ಹುಳ ತಲೆಯಲ್ಲಿ ಹಾಗೇ ಉಳಿದಿತ್ತು. ಹಾಗಾಗಿ ಒಂದು ಮಧ್ಯಾಹ್ನ ವ್ಯಾನೊಂದು ಕಾಲೇಜಿನ ಮುಂದೆ ನಿಂತು, ಇಬ್ಬರು ಹಿಡಿದು ಇಳಿಸಬೇಕಾದಷ್ಟು ಭಾರದ ತಗಡಿನ ಪೆಟ್ಟಿಗೆಯೊಂದು ಹೊರಗೆ ಬಂದಾಗ ಎಲ್ಲರಿಗಿಂತ ಮೊದಲು ಓಡಿಹೋಗಿ ಪಕ್ಕ ನಿಂತವಳು ನಾನು. ಹಾರನಹಳ್ಳಿ ಕಡೆಯ ಒಬ್ಬರು ಹಿರಿಯರು ದೂರದ ಯಾವುದೋ ಪ್ರಯೋಗಾಲಯದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಅಲ್ಲಿ ಹೊಸ ಗಡಿಯಾರ ಬಂದಾಗ ಮೂಲೆಗೆ ಬಿದ್ದ ಹಳೆಯ ಸೀಸಿಯಂ ಗಡಿಯಾರವನ್ನು ಕೇಳಿ ಪಡೆದು ತಮ್ಮ ಊರಿನ ಕಡೆಯ ಕಾಲೇಜಿಗೆ ದಾನ ಕೊಟ್ಟಿದ್ದರು. ನಮ್ಮ ಪ್ರಿನ್ಸಿಪಾಲರು ಸುತ್ತ ಒಂದು ಪ್ರದಕ್ಷಿಣೆ ಬಂದು ಕೇಳಿದ ಮೊದಲ ಪ್ರಶ್ನೆ, "ಇದು ಸಿಡಿಯಲ್ಲ ತಾನೆ?" ಅಣು ಅಂದರೆ ಬಾಂಬು ಅನ್ನುವ ಕಾಲ. ಇದರೊಳಗಿನ ಸೀಸಿಯಂ ನಿರಪಾಯದ್ದು, ವಿಕಿರಣ ಸೂಸುವ ಜಾತಿಯದ್ದಲ್ಲ ಅಂತ ಅರ್ಧ ಗಂಟೆ ವಾದಿಸಿ ಗೆದ್ದೆ. ಅವರು ಸೋತರೂ ಅದನ್ನು ತಮ್ಮ ಕೋಣೆಯಿಂದ ದೂರ, ಮಹಡಿಯ ಕೊನೆಯ ಲ್ಯಾಬಿನಲ್ಲಿ ಇಡಿಸಿದರು.

ಅದನ್ನು ನೋಡಿಕೊಳ್ಳಲು ನಾನು, ನನ್ನ ಜೊತೆ ಜವರಪ್ಪ. ಬೆಟ್ಟದಪುರದ ಹತ್ತಿರದ ಹಳ್ಳಿಯವರು. ಹದಿನಾಲ್ಕು ವರ್ಷದಿಂದ ಆ ಲ್ಯಾಬಿನ ಬೀಗದ ಕೈ ಅವರ ಸೊಂಟದಲ್ಲಿತ್ತು. ಮನೆಯಲ್ಲಿ ಅಣ್ಣತಮ್ಮಂದಿರಿಗೆ ಬ್ಯಾರನ್, ಅಂದರೆ ಹೊಗೆಸೊಪ್ಪನ್ನು ಬಿಸಿಯಲ್ಲಿ ಹದಮಾಡುವ ಗೂಡು, ಇತ್ತು. ಸೊಪ್ಪು ಬೇಯಿಸುವ ದಿನಗಳಲ್ಲಿ ಅವರ ಅಂಗಿಯಿಂದ ಬರುತ್ತಿದ್ದ ಘಾಟು ಲ್ಯಾಬಿನ ಗಂಧಕದ ವಾಸನೆಯನ್ನೂ ಹಿಂದೆ ಹಾಕುತ್ತಿತ್ತು.

ಗಡಿಯಾರ ಎಬ್ಬಿಸುವುದು ಬಲು ತಾಳ್ಮೆಯ ಕೆಲಸ. ಒಳಗೆ ಗಾಳಿಯೇ ಇಲ್ಲದ ಒಂದು ಉದ್ದನೆಯ ಕೊಳವೆ. ಅದರೊಳಗೆ ಅಷ್ಟಿಷ್ಟು ಉಳಿದ ಗಾಳಿಯನ್ನೂ ಹೀರಲು ಒಂದು ಪಂಪು. ಮೊದಲು ಪಂಪನ್ನು ಓಡಿಸಿ, ಅದರ ಮುಳ್ಳು ಇಳಿಯುವವರೆಗೆ ಕಾಯಬೇಕು. ಮುಳ್ಳು ಇಳಿದರೆ ಕೊಳವೆ ಶುದ್ಧ ಅಂತ ಅರ್ಥ. ಆಮೇಲೆ ಕೊಳವೆಯ ಒಂದು ತುದಿಯಲ್ಲಿರುವ ಪುಟ್ಟ ಒಲೆಯನ್ನು ಬಿಸಿ ಮಾಡಬೇಕು. ಆ ಒಲೆಯಲ್ಲಿ ಚಿಟಿಕೆಯಷ್ಟು ಸೀಸಿಯಂ. ಅದು ಆವಿಯಾಗಿ ಸಣ್ಣ ಧಾರೆಯಂತೆ ಇನ್ನೊಂದು ತುದಿಗೆ ಹರಿಯುತ್ತದೆ. ನಾವು ಹೊರಗಿನಿಂದ ಕೊಡುವ ಕಂಪನ ಸೀಸಿಯಂ ಪರಮಾಣುವಿನ ಕಂಪನಕ್ಕೆ ಸರಿಯಾಗಿ ಹೊಂದಿದರೆ ಆ ತುದಿಯಲ್ಲಿ ಧಾರೆ ಹೆಚ್ಚಾಗಿ, ಮೀಟರಿನ ಮುಳ್ಳು ಏಳುತ್ತದೆ. ಅದಕ್ಕಾಗಿ ಒಂದು ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಕೂರಬೇಕು. ಹೆಚ್ಚು ತಿರುಗಿಸಿದರೆ ಮುಳ್ಳು ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ. ಎಲ್ಲ ಸರಿಹೋದರೆ ಹಳದಿ ದೀಪ ಆರಿ ಹಸಿರು ದೀಪ ಹತ್ತುತ್ತದೆ.

ಮೊದಲ ಸಲ ಆ ಹಸಿರು ದೀಪ ಹತ್ತಿಸಲು ನಮಗೆ ಎಂಟು ದಿನ ಹಿಡಿಯಿತು. ಏಳನೆಯ ದಿನ ನಾನು ಗುಂಡಿ ಬಿಟ್ಟು, ಗಡಿಯಾರ ಕೆಟ್ಟಿದೆ ಅಂತ ತೀರ್ಪು ಕೊಟ್ಟೆ. ಜವರಪ್ಪ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತರು.

"ಒಲೆ ಇನ್ನೂ ಅದುಕ್ ಬಂದಿಲ್ಲ ಕಣಿ ಮೇಡಂ. ನೀವ್ ಅವಸ್ರ ಮಾಡ್ತೀರಿ."

"ಅಂಗೈಯಲ್ಲಿ ಹೇಗೆ ಗೊತ್ತಾಗುತ್ತೆ? ಮೀಟರು ಹದಕ್ಕೆ ಬಂದಿದೆ ಅನ್ನುತ್ತಲ್ಲ!"

"ಮೀಟ್ರು ಒಲೆದಷ್ಟೇ ಏಳ್ತದೆ. ಪೆಟ್ಗೆಯೆಲ್ಲ ಒಂದೇ ಸಮ ಬೆಚ್ಗಾಗ್ಬೇಕಲ್ಲ. ಬ್ಯಾರನ್ನಾಗೂ ಅಷ್ಟೇಯ. ಕೆಳುಗ್ಲು ಸೊಪ್ಪು ಬೆಂದಿರ್ತದೆ, ಮ್ಯಾಲಿಂದು ಅಸೀದೇ ಇರ್ತದೆ. ನಾಳೀಕ್ ನೋಡನ ಬುಡಿ."

ಮರುದಿನ ಹಸಿರು ದೀಪ ಹತ್ತಿತು. ಅವರ ಅಂಗೈಗೂ ದೀಪಕ್ಕೂ ಸಂಬಂಧವಿಲ್ಲ, ಕಾದದ್ದಷ್ಟೇ ಕಾರಣ ಅಂತ ನಾನು ವಿವರಿಸಿದೆ. ಜವರಪ್ಪ, "ಅದ್ನೇ ನಾನೂ ಏಳಿದ್ದು" ಅಂದರು. ಅವರ ಜೊತೆ ವಾದದಲ್ಲಿ ನನಗೆ ಆಗುತ್ತಿದ್ದ ತೊಂದರೆಯೇ ಇದು. ಸೋಲುತ್ತಿರಲಿಲ್ಲ, ಸಿಟ್ಟಾಗುತ್ತಿರಲಿಲ್ಲ, ನನ್ನ ಕಡೆಗೇ ಬಂದು ಕೂತುಬಿಡುತ್ತಿದ್ದರು.

ಗಡಿಯಾರದ ಜೊತೆ ದಾನಿಗಳು ಒಂದು ಪತ್ರ ಕಳಿಸಿದ್ದರು. ಇದು ಮುದಿಯಂತ್ರ, ಒಲೆಯಿಂದ ಹೊರಟ ಸೀಸಿಯಂ ಮತ್ತೆ ಒಲೆಗೆ ಬರುವುದಿಲ್ಲ, ಮುಗಿದರೆ ಹೊಸ ಕೊಳವೆ ನಮ್ಮ ಕೈಗೆಟುಕುವಂಥದ್ದಲ್ಲ, ಆದ್ದರಿಂದ ಆಗಾಗ ಪಂಪನ್ನು ಮಾತ್ರ ಓಡಿಸಿ, ಒಲೆಯನ್ನು ವರ್ಷಕ್ಕೆ ನಾಲ್ಕೈದು ದಿನ ಹಚ್ಚಿ ಮಕ್ಕಳಿಗೆ ತೋರಿಸಿ, ಉಳಿದಂತೆ ಅದಕ್ಕೆ ವಿಶ್ರಾಂತಿ ಕೊಡಿ ಎಂದಿತ್ತು ಅದರಲ್ಲಿ. ಹಾಗೆ ಮಾಡಿದರೆ ನಿಮ್ಮ ವಿದ್ಯಾರ್ಥಿಗಳ ಮಕ್ಕಳೂ ನೋಡಬಹುದು ಎಂದೂ ಬರೆದಿದ್ದರು. ಓದಿದೆ. ಮಡಚಿ ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟೆ. ಬೇರೆ ಯಾರಿಗೂ ತೋರಿಸಲಿಲ್ಲ.

ಒಲೆಯನ್ನು ನಾನು ಹದಿನಾಲ್ಕು ತಿಂಗಳು ಆರಿಸಲಿಲ್ಲ.

ಯಾಕೆ ಅಂತ ಆಗ ಕೇಳಿದ್ದರೆ ಹತ್ತು ಕಾರಣ ಕೊಡುತ್ತಿದ್ದೆ, ಹತ್ತಕ್ಕೂ ಚಪ್ಪಾಳೆ ಬೀಳುತ್ತಿತ್ತು. ನಿಜವಾದ ಕಾರಣ ಹೇಳಲು ನಾಚಿಕೆ. ನನ್ನ ಬಾಡಿಗೆ ಕೋಣೆ ಗೊಬ್ಬರದ ಅಂಗಡಿಯ ಮೇಲಿತ್ತು. ಊರಿನಲ್ಲಿ ನನಗೆ ಯಾರೂ ಇರಲಿಲ್ಲ. ಮೊದಲೆರಡು ತಿಂಗಳು ಸಹೋದ್ಯೋಗಿಗಳು ಮನೆಗೆ ಕರೆದರು. ಒಬ್ಬರ ಮನೆಯಲ್ಲಿ ರಾಹುಕಾಲದ ಬಗ್ಗೆ, ಇನ್ನೊಬ್ಬರ ಮನೆಯಲ್ಲಿ ಮಗುವಿಗೆ ಕಟ್ಟಿದ ತಾಯಿತದ ಬಗ್ಗೆ ನಾನು ಗೆದ್ದೆ. ಆಮೇಲೆ ಕರೆಯುವುದು ನಿಂತಿತು. ಭಾನುವಾರ ಅಂದರೆ ಬೆಳಿಗ್ಗೆ ಹತ್ತಕ್ಕೇ ಸಂಜೆಯ ಮುಖ ಹೊತ್ತು ಬರುತ್ತಿತ್ತು. ಬಟ್ಟೆ ಒಗೆದು, ಅನ್ನ ಮಾಡಿ, ತಿಂದು, ತಟ್ಟೆ ತೊಳೆದು ನೋಡಿದರೆ ಇನ್ನೂ ಹನ್ನೊಂದೂವರೆ. ಆ ತಟ್ಟೆಯೂ ಬಹುಮಾನದ್ದೇ. ಕಿಟಕಿಯಿಂದ ಕೆಳಗೆ ನೋಡಿದರೆ ಜನ ಗುಂಪಾಗಿ ನಿಂತು ಹೊಗೆಸೊಪ್ಪಿನ ದರ್ಜೆಯ ಬಗ್ಗೆ ಜಗಳವಾಡುತ್ತಿರುತ್ತಿದ್ದರು. ಇಳಿದು ಹೋಗಿ ಯಾವುದಾದರೂ ಒಂದು ಪಕ್ಷ ಸೇರಿಕೊಳ್ಳೋಣ ಅನ್ನಿಸುತ್ತಿತ್ತು. ಯಾವ ಪಕ್ಷವಾದರೂ ಸರಿ.

ಆಗ ಲ್ಯಾಬಿಗೆ ಹೋಗುತ್ತಿದ್ದೆ. ಭಾನುವಾರವೂ ಜವರಪ್ಪ ಬಂದು ಬೀಗ ತೆಗೆದುಕೊಟ್ಟು, ಒಂದು ಗಳಿಗೆ ಕೂತು ಹೋಗುತ್ತಿದ್ದರು. ಹಸಿರು ದೀಪದ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಮೀಟರು ಓದಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಕೊಳವೆಯೊಳಗಿನ ಕಾಂತಕ್ಷೇತ್ರ ಸರಿಮಾಡುವ ಸಣ್ಣ ತಿರುಪನ್ನು ಒಂದು ಗೆರೆಯಷ್ಟು ತಿರುಗಿಸಿ, ಶಾರ್ಟ್‌ವೇವ್ ರೇಡಿಯೋದಲ್ಲಿ ಬರುವ ಟಿಕ್ ಟಿಕ್ ಸಮಯ ಸಂಕೇತಕ್ಕೆ ಹೋಲಿಸಿ ನೋಡುತ್ತಿದ್ದೆ. ಮೋಡವಿದ್ದರೆ ಆ ಟಿಕ್ ಕೊಡಗಿನ ಕಡೆಯ ಗುಡುಗಿನಲ್ಲಿ ಮುಳುಗಿಹೋಗುತ್ತಿತ್ತು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲ ಸೇರಿ ಇಷ್ಟು ದೊಡ್ಡ ಸೀಮೆಯಲ್ಲಿ ನಿಜವಾದ ಟೈಮ್ ಇರುವುದು ನನ್ನ ಒಬ್ಬಳ ಹತ್ತಿರ ಅಂದುಕೊಂಡು ಸ್ವಲ್ಪ ಹೊತ್ತು ಬೀಗುತ್ತಿದ್ದೆ. ಆಮೇಲೆ ಅದನ್ನು ಯಾರೂ ಕೇಳುತ್ತಿಲ್ಲ ಅನ್ನುವುದು ನೆನಪಾಗುತ್ತಿತ್ತು.

ಕೇಳಿದವರು ಪ್ರಿನ್ಸಿಪಾಲರೊಬ್ಬರೇ. ಗಂಟೆ ಹೊಡೆಯುವುದನ್ನು ಅಣುಗಡಿಯಾರಕ್ಕೆ ಹೊಂದಿಸೋಣ ಅಂದರು. ಒಂದು ವಾರ ನಡೆಯಿತು. ಕಾಲೇಜಿನ ಗಂಟೆ ಸರಿಯಾಯಿತು, ಆದರೆ ಬಸ್ಸುಗಳು ಹಳೆಯ ಟೈಮಿಗೇ ಹೊರಡುತ್ತಿದ್ದವು. ಬೆಟ್ಟದಪುರದ ಕಡೆಯ ಮಕ್ಕಳೆಲ್ಲ ಸಂಜೆ ಬಸ್ಸು ತಪ್ಪಿಸಿಕೊಂಡು ಗೇಟಿನಲ್ಲಿ ನಿಂತರು. "ನಾಲ್ಕ್ ನಿಮ್ಷ ತಪ್ಪಾಗಿದ್ರೇನೇ ಸರಿ ಮೇಡಂ" ಅಂದು ಪ್ರಿನ್ಸಿಪಾಲರು ಗಂಟೆಯನ್ನು ಮತ್ತೆ ತಮ್ಮ ಕೈಗಡಿಯಾರಕ್ಕೇ ಒಪ್ಪಿಸಿದರು.

ಎರಡನೆಯ ವರ್ಷದ ಮಳೆಗಾಲದಲ್ಲಿ ಧಾರೆಯ ಮುಳ್ಳು ಇಳಿಯತೊಡಗಿತು. ವಾರಕ್ಕೆ ಅರ್ಧ ಗೆರೆ. ಧಾರೆಯನ್ನು ಹಿಗ್ಗಿಸಿ ತೋರಿಸುವ ಇನ್ನೊಂದು ತಿರುಪು ಇತ್ತು. ಅದನ್ನು ಏರಿಸಿದರೆ ಮುಳ್ಳು ಮೊದಲಿನ ಜಾಗಕ್ಕೆ ಬರುತ್ತಿತ್ತು. ಇಳಿದಾಗಲೆಲ್ಲ ಏರಿಸಿದೆ. ಹಸಿರು ದೀಪ ಹತ್ತಿಯೇ ಇತ್ತು. ಸೀಸಿಯಂ ತೀರುತ್ತಿದೆ ಅನ್ನುವುದು ಗೊತ್ತಿದ್ದೂ ಒಲೆ ಆರಿಸುವ ಮನಸ್ಸಾಗಲಿಲ್ಲ. ಮುಳ್ಳಿನ ಅಂಕಿ ಪುಸ್ತಕಕ್ಕೆ ಹೋಯಿತು, ತಿರುಪು ಏರಿಸಿದ್ದು ಹೋಗಲಿಲ್ಲ. ಒಂದು ದಿನ ಜವರಪ್ಪ ಗಾಜು ಕುಟ್ಟಿ, ಮುಳ್ಳನ್ನು ನೋಡಿ, ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನೂ ನೋಡಿದರು.

"ಇನ್ನೆಷ್ಟ್ ತಿರುಗ್ತದೆ ಮೇಡಂ ಅದು?"

"ಇನ್ನೂ ತಿರುಗುತ್ತೆ."

"ಊಂ" ಅಂದರು.

ತಿರುಪು ಕೊನೆ ಮುಟ್ಟಿದ್ದು ದಸರಾ ರಜೆಗೆ ಮೂರು ದಿನ ಇರುವಾಗ. ರಜೆಗೆ ಊರಿಗೆ ಹೊರಡುವ ಮಧ್ಯಾಹ್ನ ಜವರಪ್ಪ ಬಾಗಿಲಲ್ಲಿ ನಿಂತರು.

"ಮೇಡಂ, ಆಯುದಪೂಜೆಗೆ ಲ್ಯಾಬ್ ಸಾಮಾನ್ನೆಲ್ಲ ಮಲುಗುಸ್ತೀನಿ. ಇದ್ನೂ ಮಲುಗುಸ್ಬೇಕಲ್ವಾ?"

ತಕ್ಕಡಿ, ಸೂಕ್ಷ್ಮದರ್ಶಕ, ಎಲ್ಲವನ್ನೂ ಒರೆಸಿ, ಕುಂಕುಮವಿಟ್ಟು, ವಿಜಯದಶಮಿ ಕಳೆಯುವವರೆಗೆ ಮುಟ್ಟದೆ ಬಿಡುವುದು ಅವರ ಪದ್ಧತಿ. ಹಿಂದಿನ ವರ್ಷ ನಾನು ಊರಿಗೆ ಹೋಗದೆ ಕಾವಲು ಕೂತಿದ್ದರಿಂದ ಗಡಿಯಾರ ತಪ್ಪಿಸಿಕೊಂಡಿತ್ತು.

"ಯಂತ್ರಕ್ಕೆ ಆಯಾಸ ಆಗುತ್ತಾ ಜವರಪ್ಪನವರೇ?"

"ಆಗ್ದೇ ಏನು? ಎತ್ತುಗ್ ಆಗಾಕಿಲ್ವಾ?"

"ಎತ್ತಿಗೆ ಜೀವ ಇದೆ."

"ಬ್ಯಾರನ್ಗೂ ಆಯ್ತದೆ. ಒಂದ್ ಸತಿ ಬೇಯ್ಸಿ ಇನ್ನೊಂದ್ ಸತಿ ತುಂಬೋ ಮುಂಚೆ ಒಂದಿನ ಬಾಗ್ಲು ತಗ್ದು ಬುಡ್ತೀವಿ."

"ಅದು ಬಿಸಿ ಆರೋದಕ್ಕೆ. ಆಯಾಸಕ್ಕಲ್ಲ."

"ಎಸ್ರು ಏನಾರ ಇಟ್ಕಳಿ ಮೇಡಂ."

ಲೋಹಕ್ಕೆ ದಣಿವು ಎಂಬ ಭಾವನೆಯನ್ನು ನಾವೇ ಹೇರುತ್ತೇವೆ ಅನ್ನುವುದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಅವರು ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿದರು. ಕೊನೆಗೆ, "ಅದೂ ಪಾಪ ವರ್ಸುಕ್ಕಿಂತ ಜಾಸ್ತಿ ದುಡೀತು. ಎರಡ್ ದಿನ ಮಲೀಕಳ್ಲಿ" ಅಂದರು. ಬಸ್ಸಿಗೆ ಹೊತ್ತಾಗಿತ್ತು. "ನಿಮ್ಮಿಷ್ಟ, ಏನಾದರೂ ಮಾಡಿಕೊಳ್ಳಿ" ಅಂದು ಬ್ಯಾಗು ಎತ್ತಿಕೊಂಡೆ. ಡ್ರಾಯರಿನಲ್ಲಿದ್ದ ಪತ್ರ ಹೇಳಿದ್ದೂ ಅದೇ ಮಾತನ್ನು, ವಿಶ್ರಾಂತಿ ಕೊಡಿ ಅಂತ. ನೋಡಿ, ಓದಿದ ನಾನು ಕೊಡಲಿಲ್ಲ. ಓದದ ಜವರಪ್ಪ ಕೊಟ್ಟರು.

ರಜೆ ಮುಗಿಸಿ ಬಂದಾಗ ಪೆಟ್ಟಿಗೆ ಥಳಥಳ ಹೊಳೆಯುತ್ತಿತ್ತು. ಮೇಲೆ ಒಣಗಿದ ಸೇವಂತಿಗೆ, ಒಂದು ನಿಂಬೆಹಣ್ಣು, ಮೂಲೆಯಲ್ಲಿ ಒಂದು ಕುಂಕುಮದ ಬೊಟ್ಟು. ಕರೆಂಟು ಹೋದರೂ ನಿಲ್ಲದಿರಲಿ ಅಂತ ಕಟ್ಟಿದ್ದ ಬ್ಯಾಟರಿಯ ತಂತಿಯನ್ನೂ ಬಿಚ್ಚಿ ನೀಟಾಗಿ ಸುತ್ತಿ ಇಟ್ಟಿದ್ದರು. ಪಂಪು ಹಾಕಿದೆ. ಅದರ ಮುಳ್ಳು ಏರಿ, ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ಇಳಿಯಿತು. ಅಂದರೆ ಕೊಳವೆ ಶುದ್ಧವಾಗಿತ್ತು. ಎರಡು ದಿನದ ರಜೆ ಅದಕ್ಕೆ ಕೂದಲಷ್ಟೂ ಕೇಡು ಮಾಡಿರಲಿಲ್ಲ. ಒಲೆ ಬಿಸಿಯಾಯಿತು. ಧಾರೆಯ ಮುಳ್ಳು ಮಾತ್ರ ಅಲ್ಲಾಡಲಿಲ್ಲ. ಮೂರು ದಿನ ಗುಂಡಿ ತಿರುಗಿಸಿದೆ. ಒಲೆಯಲ್ಲಿ ಏನೂ ಉಳಿದಿರಲಿಲ್ಲ.

ದಾನಿಗಳು ಮುಂದಿನ ತಿಂಗಳು ನೋಡಲು ಬರುವವರಿದ್ದರು; ಕೊನೆಗೆ ಬರಲಿಲ್ಲ, ಅದು ಬೇರೆ ಮಾತು. ಹಾಗಾಗಿ ವಿಚಾರಣೆ. ಪ್ರಿನ್ಸಿಪಾಲರ ಕೋಣೆಯಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿ, ಪ್ರಿನ್ಸಿಪಾಲರು, ನಾನು ಕುರ್ಚಿಗಳಲ್ಲಿ. ಜವರಪ್ಪ ಬಾಗಿಲ ಪಕ್ಕ ನಿಂತಿದ್ದರು. ಪ್ರಶ್ನೆ ಶುರುಮಾಡಿದವರು ಕಾರ್ಯದರ್ಶಿ.

"ಅಲ್ರೀ ಜವರಪ್ಪ, ಅದೇನ್ ಟ್ರ್ಯಾಕ್ಟರ್ ಏನ್ರೀ ಕುಂಕುಮ ಬಳಿಯಕ್ಕೆ? ಯಾರು ಆಫ್ ಮಾಡಿದ್ದು?"

"ನಾನೇ ಸಾ. ಪೂಜೆಗೆ."

"ಯಾರನ್ನ ಕೇಳಿ ಮಾಡಿದ್ರಿ?"

ಜವರಪ್ಪ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿರುತ್ತಿತ್ತು. "ಪ್ರತಿವರ್ಸ ಮಾಡೋದೇ ಸಾ" ಅಂದರು.

ಕಾರ್ಯದರ್ಶಿ ನನ್ನ ಕಡೆ ತಿರುಗಿದರು. "ಏನ್ ಮೇಡಂ, ಅದಾದ ಮೇಲೆ ಓಡಿಲ್ಲ ಅಲ್ವಾ?"

"ಅದಾದ ಮೇಲೆ ಓಡಿಲ್ಲ" ಅಂದೆ.

ಒಂದಕ್ಷರವೂ ಸುಳ್ಳಲ್ಲ. ಹುಣಸೂರಿನ ಸ್ಪರ್ಧೆಯಲ್ಲಾಗಿದ್ದರೆ ಎದುರಾಳಿಯ ಇಂಥ ಮಾತನ್ನು ಎತ್ತಿ ಹಿಡಿದು ಸಭೆಯನ್ನೇ ನಗಿಸುತ್ತಿದ್ದೆ. ಇಲ್ಲಿ ಎದುರಾಳಿ ಇರಲಿಲ್ಲ. ಪತ್ರ ಡ್ರಾಯರಿನಲ್ಲಿತ್ತು. ನನ್ನ ಕೆಲಸ ತಾತ್ಕಾಲಿಕದ್ದು, ಆ ತಿಂಗಳೇ ಮುಂದುವರಿಸಬೇಕಿತ್ತು ಅಂತೆಲ್ಲ ಹೇಳಬಹುದು. ಹೇಳಿ ನಿಮ್ಮನ್ನು ಒಪ್ಪಿಸಲೂ ಬಹುದು. ಬೇಡ.

ಜವರಪ್ಪನನ್ನು ಅದೇ ಸಂಸ್ಥೆಯ ಎಚ್.ಡಿ. ಕೋಟೆಯ ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟಿಗೆ ಹಾಕಿದರು. ಹೋಗುವ ದಿನ ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, ಯಾವುದು ಯಾವ ಬೀರುವಿನದು ಅಂತ ಒಂದೊಂದಾಗಿ ತೋರಿಸಿದರು. ಒಂದು ಕೈ ಸ್ವಲ್ಪ ಎತ್ತಿ ತಿರುಗಿಸಬೇಕಂತೆ. "ಬತ್ತೀನಿ ಮೇಡಂ" ಅಂದರು. ಆಮೇಲಿನ ಭಾನುವಾರಗಳಲ್ಲಿ ಆ ಬೀಗ ನನಗೆ ತೆಗೆಯಲು ಬರುತ್ತಿರಲಿಲ್ಲ. ತೆಗೆದರೂ ಒಳಗೆ ನೋಡಲು ಏನೂ ಇರಲಿಲ್ಲ. ಒಂದು ವರ್ಷ ಹಾಗೆ ಕಳೆದು ಹುಣಸೂರಿಗೆ ಬೇರೆ ಕೆಲಸಕ್ಕೆ ಹೋದೆ.

ನಾಲ್ಕು ವರ್ಷದ ನಂತರ ಎಚ್.ಡಿ. ಕೋಟೆಯಲ್ಲಿ ಒಂದು ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಕರೆದರು. ಸ್ಪರ್ಧೆ ಆ ಹಾಸ್ಟೆಲಿನ ಸಭಾಂಗಣದಲ್ಲೇ. ಜವರಪ್ಪ ಗೇಟಿನಲ್ಲಿದ್ದಾರೆ ಅಂತ ಗೊತ್ತಿದ್ದೇ ಒಪ್ಪಿಕೊಂಡೆ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡೆ: ಪೀಠಿಕೆ, ಅಂಶಗಳು, ಉಪಸಂಹಾರ.

ಜವರಪ್ಪನವರ ಕೂದಲು ಬೆಳ್ಳಗಾಗಿತ್ತು. ಸುತ್ತ ಐದಾರು ಹುಡುಗಿಯರು. ನನ್ನನ್ನು ಕಂಡವರೇ ಎದ್ದರು.

"ಓ, ಬನ್ನಿ ಬನ್ನಿ ಮೇಡಂ! ಇವ್ರೇ ಕಣವ್ವ ನಾನ್ ಏಳ್ತಿದ್ನಲ್ಲ, ಅಣುಗಡಿಯಾರದ್ ಮೇಡಂ."

"ನೀವು ಕೊಂದ್ಬುಟ್ರಲ್ಲ, ಆ ಗಡಿಯಾರದ್ದಾ ತಾತ?" ಅಂತ ಒಬ್ಬಳು ಕೇಳಿದಳು.

"ಊಂ ಕಣವ್ವ. ಎರಡ್ ದಿನ ಮಲ್ಗುಸ್ತೀನಿ ಅಂತ ಓಗಿ ಪೂರಾನೇ ಮಲ್ಗುಸ್ಬುಟ್ಟೆ."

ಹುಡುಗಿಯರು ನಕ್ಕರು. ಅವರೂ ನಕ್ಕರು. ಊರೆಲ್ಲ ಹಬ್ಬಿದ ಕಥೆಯ ಮೂಲ ಎಲ್ಲಿದೆ ಅಂತ ನನಗೆ ಆಗ ತಿಳಿಯಿತು.

ಹುಡುಗಿಯರು ಒಳಗೆ ಹೋದ ಮೇಲೆ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಪೀಠಿಕೆ ಮರೆತುಹೋಯಿತು. ಪತ್ರದ ವಿಷಯ ಹೇಳಿದೆ, ಹದಿನಾಲ್ಕು ತಿಂಗಳು ಒಲೆ ಉರಿಸಿದ್ದು ಯಾಕೆ ಅನ್ನುವುದನ್ನು ಹೇಳಿದೆ, ಪಂಪಿನ ಮುಳ್ಳು ಇಳಿದದ್ದು, ಅವರ ಪೂಜೆಯಿಂದ ಏನೂ ಆಗಿರಲಿಲ್ಲ ಅನ್ನುವುದು, "ನಿಮ್ಮಿಷ್ಟ" ಅಂದವಳು ನಾನೇ ಅನ್ನುವುದು. ಅವರು ಗೇಟಿನ ಪುಸ್ತಕದ ಮೂಲೆಯನ್ನು ಮಡಚುತ್ತ, ಬಿಚ್ಚುತ್ತ ಕೇಳಿದರು. ನಡುವೆ ತರಕಾರಿಯ ಗಾಡಿಯೊಂದು ಹಾರನ್ ಹೊಡೆಯಿತು. ಎದ್ದು ಹೋಗಿ ಗೇಟು ತೆಗೆದು, ಗಾಡಿ ಒಳಗೆ ಬಿಟ್ಟು, ಗೇಟು ಹಾಕಿ, ಬಂದು ನಿಂತರು.

"ಬಿಸ್ಲಲ್ ಬಂದಿದ್ದೀರಿ. ನೀರ್ ಕುಡೀತೀರಾ ಮೇಡಂ?"

ಬೇಡ ಅಂದೆ. ಒಳಗಿನಿಂದ ತೀರ್ಪುಗಾರರನ್ನು ಕರೆಯುತ್ತಿದ್ದರು. ಏಳುವ ಮುಂಚೆ ಕೇಳಿಯೇ ಬಿಟ್ಟೆ:

"ಜವರಪ್ಪನವರೇ, ಆ ಮುಳ್ಳು ವಾರವಾರ ಇಳಿಯುತ್ತಿದ್ದದ್ದನ್ನ ನನ್ನ ಜೊತೆ ನಿಂತು ನೋಡಿದವರು ನೀವು. ಹಾಗಿದ್ದೂ ನಿಮ್ಮ ಕೈಯಿಂದಲೇ ಅದು ಸತ್ತಿತು ಅಂತ ಇಷ್ಟು ವರ್ಷ ನಿಜವಾಗಿ ನಂಬಿದ್ದಿರಾ, ಇಲ್ಲ ಅವತ್ತು ಆ ಕೋಣೆಯಲ್ಲಿ ನನ್ನ ಮುಖ ನೋಡಲಾರದೆ ತಪ್ಪನ್ನು ನಿಮ್ಮ ತಲೆಗೇ ಕಟ್ಟಿಕೊಂಡಿರಾ?"